ಮೂರನೆಯ ಚೈನು

ಇಂಥ ಬರಹಗಳನ್ನು ಓದಿ ನಗುತ್ತಿದ್ದವಳು ನಾನು. ಯಾರಾದರೂ ‘ಇದನ್ನು ವಿವರಿಸಲು ಸಾಧ್ಯವೇ ಇಲ್ಲ’ ಎಂದು ಶುರುಮಾಡಿದರೆ, ‘ವಿವರಿಸಲು ಎಷ್ಟು ಹೊತ್ತು ಕೂತಿದ್ದಿರಿ?’ ಎಂದು ಕೇಳುವುದು ನನ್ನ ಚಾಳಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪವಾಡಗಳ ಪರ ಮಾತಾಡಲು ಬಂದವರನ್ನು ನೀರು ಕುಡಿಸಿ ಕಳಿಸಿದ್ದೇನೆ, ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಈಗಲೂ ದೆವ್ವ ಭೂತ ನಂಬುವುದಿಲ್ಲ. ದೇವರ ವಿಷಯದಲ್ಲಂತೂ ಮನೆಯಲ್ಲಿ ಅವ್ವನ ಜೊತೆ ವಾರಕ್ಕೊಂದು ಜಗಳ ಇದ್ದದ್ದೇ.

ಹಾಗಿದ್ದೂ ಇದನ್ನು ಬರೆಯುತ್ತಿರುವುದು ಸಿಟ್ಟಿನಿಂದ. ಕೆಲವು ವರ್ಷಗಳ ಹಿಂದೆ ನನಗೂ ನನ್ನಣ್ಣನಿಗೂ ಆದದ್ದನ್ನು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಲಾರಿಯವರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಳುವುದು ಅರ್ಧ, ಆ ಅರ್ಧವೂ ತಪ್ಪು. ಆ ತಪ್ಪು ಕಥೆಯಿಂದ ಯಾರ ಹೊಟ್ಟೆ ತಣ್ಣಗಾಗಿದೆ ಎಂಬುದು ನನಗೆ ಗೊತ್ತು. ಹೀಗಾಗಿ ನಡೆದದ್ದನ್ನು ನಡೆದ ಹಾಗೆ ಒಮ್ಮೆ ಹೇಳಿಬಿಡುತ್ತೇನೆ. ವಾದ ಆಮೇಲೆ.

ಅಣ್ಣ ಪಂಪಾಪತಿ ಆಗ ಬಳ್ಳಾರಿಯ ಒಬ್ಬ ಸಾವ್ಕಾರರ ಟ್ರೇಲರ್ ಓಡಿಸುತ್ತಿದ್ದ. ಸಾವ್ಕಾರರ ಹೆಸರು ಇಲ್ಲಿ ಬೇಡ. ಕೌಲ್ ಬಜಾರಿನ ಒಂದು ಓಣಿಯಲ್ಲಿ ಅವರ ಆಫೀಸು, ಅಷ್ಟು ಸಾಕು. ಅಣ್ಣ ಸಾಗಿಸುತ್ತಿದ್ದದ್ದು ಉಕ್ಕಿನ ಕಾಯಿಲ್. ನೋಡದವರಿಗಾಗಿ ಹೇಳುತ್ತೇನೆ: ಉಕ್ಕಿನ ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಟ್ಟ ಸುರುಳಿ ಅದು. ಆಳೆತ್ತರ ಇರುತ್ತದೆ, ಒಂದೊಂದೂ ಇಪ್ಪತ್ತು ಟನ್ನಿನ ಮೇಲೆ ತೂಗುತ್ತದೆ. ನಡುವೆ ಒಂದು ದೊಡ್ಡ ತೂತು, ಅದಕ್ಕೆ ಡ್ರೈವರುಗಳು ‘ಕಣ್ಣು’ ಅನ್ನುತ್ತಾರೆ. ಅಂಥದ್ದನ್ನು ಪಕ್ಕದ ಗೋಡೆಯೂ ಇಲ್ಲದ ಬಯಲು ಟ್ರೇಲರಿನ ಮೇಲೆ ಗಾಲಿ ನಿಲ್ಲಿಸಿದ ಹಾಗೆ ನಿಲ್ಲಿಸುತ್ತಾರೆ. ಉರುಳದ ಹಾಗೆ ಕೆಳಗೆ ಆಪಿಗೆ ಮರದ ತುಂಡು. ಕಣ್ಣಿನೊಳಗಿಂದ ನಾಲ್ಕು ಚೈನು ತೂರಿಸಿ, ಎರಡನ್ನು ಮುಂದಕ್ಕೆ, ಎರಡನ್ನು ಹಿಂದಕ್ಕೆ ಎಳೆದು ಬಿಗಿಯಬೇಕು. ಬಿಗಿಯದಿದ್ದರೆ? ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ನಿಲ್ಲುತ್ತದೆ, ಕಾಯಿಲ್ ನಿಲ್ಲುವುದಿಲ್ಲ. ಅದರ ಮುಂದೆ ಇರುವುದು ಕ್ಯಾಬಿನ್, ಕ್ಯಾಬಿನ್ನಿನಲ್ಲಿ ಡ್ರೈವರ್.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹಿಡಿಕೆ ತಿರುಗಿಸಿ ಚೈನು ಬಿಗಿದ ಮೇಲೆ ಒಂದಿಷ್ಟು ತುದಿ ಉಳಿಯುತ್ತದೆ, ಅದನ್ನು ‘ಬಾಲ’ ಅನ್ನುತ್ತಾರೆ. ಹಿಡಿಕೆ ಸಡಿಲಾಗದ ಹಾಗೆ ಬಾಲವನ್ನು ಅದಕ್ಕೇ ಸುತ್ತಿ, ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಾರೆ. ಒಬ್ಬೊಬ್ಬರ ಕಟ್ಟು ಒಂದೊಂದು ಥರ. ಅನುಭವ ಇದ್ದವರು ಕಟ್ಟು ನೋಡಿ ಇದು ಇಂಥವನದು ಎಂದು ಹೇಳುತ್ತಾರೆ, ಅಕ್ಷರ ನೋಡಿ ಬರೆದವರನ್ನು ಗುರುತಿಸಿದ ಹಾಗೆ. ಇನ್ನೊಬ್ಬರ ಕಟ್ಟು ನಂಬಿ ಯಾರೂ ಗಾಡಿ ಎಳೆಯುವುದಿಲ್ಲ. ಬೇರೆಯವರು ಕಟ್ಟಿದ್ದರೆ ಬಿಚ್ಚಿ, ತಾನೇ ಕಟ್ಟಿಕೊಂಡು ಹೊರಡಬೇಕು.

ನಮ್ಮಪ್ಪನೂ ಡ್ರೈವರ್. ಚಿಕ್ಕವಳಿದ್ದಾಗ ಲೋಡು ಗಾಡಿ ಕುರುಗೋಡಿನ ನಮ್ಮ ಓಣಿಯ ಬಾಯಲ್ಲಿ ನಿಂತರೆ ನಾನು ಹತ್ತಿ ಕೂರುತ್ತಿದ್ದೆ. ಅಪ್ಪ ಒಂದು ಚೈನಿನ ಬಾಲ ನನ್ನ ಕೈಗೆ ಕೊಡುತ್ತಿದ್ದ. ನಾನು ಎಡಚಿ. ಎಲ್ಲರೂ ಬಲಕ್ಕೆ ಸುತ್ತಿದರೆ ನನ್ನ ಸುತ್ತು ಎಡಕ್ಕೆ. ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಬೇಕೆಂದು ಎಷ್ಟು ಹೇಳಿಕೊಟ್ಟರೂ ನನಗೆ ಬರುತ್ತಿರಲಿಲ್ಲ, ಮೊಲದ ಕಿವಿಯ ಹಾಗೆ ಮೇಲಕ್ಕೆ ನಿಂತುಬಿಡುತ್ತಿತ್ತು. ಅಪ್ಪ ನಕ್ಕು, “ನಮ್ಮ ಎಡಚಿ ಕಟ್ಟ್ಯಾಳ, ಇನ್ನ ದಿಲ್ಲಿತನ ಚಿಂತಿಲ್ಲ” ಅನ್ನುತ್ತಿದ್ದ. ಆಮೇಲೆ ನನ್ನನ್ನು ಇಳಿಸಿ, ನನ್ನೆದುರಿಗೇ ಅದನ್ನು ಬಿಚ್ಚಿ ತಾನೇ ಕಟ್ಟುತ್ತಿದ್ದ. ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಒಂದು ಸಲವೂ ನನ್ನ ಕಟ್ಟಿಗೆ ಅವನು ಗಾಡಿ ಎಳೆಯಲಿಲ್ಲ. ನಾನು ಹೇಳುತ್ತಿರುವ ಘಟನೆಯ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮಂಚದ ಮೇಲೇ ಎಲ್ಲ.

ನಾನು ಬಳ್ಳಾರಿಯಲ್ಲಿ ಕಾನೂನು ಓದುತ್ತಿದ್ದೆ. ಅವತ್ತು ಊರಿಗೆ ಹೊರಟವಳು, ಅಣ್ಣ ಅದೇ ದಾರಿಯಲ್ಲಿ ಸಿರುಗುಪ್ಪಕ್ಕೆ ಲೋಡು ಒಯ್ಯುತ್ತಾನೆಂದು ತಿಳಿದು, ಬಸ್ಸಿನಲ್ಲಿ ಕುಡತಿನಿವರೆಗೆ ಹೋಗಿ ಅಲ್ಲಿಂದ ಅವನ ಗಾಡಿ ಹತ್ತುವುದೆಂದುಕೊಂಡಿದ್ದೆ. ಹೋಗಿ ನೋಡಿದರೆ ಅಣ್ಣ ಗಾಡಿಯ ಪಕ್ಕ ನಿಂತು ಫೋನಿನಲ್ಲಿ ಬೇಡಿಕೊಳ್ಳುತ್ತಿದ್ದಾನೆ.

“ಸಾವ್ಕಾರ್ರ, ನಾಕು ಚೈನ್ ಇರಬೇಕಾಗಿತ್ತು. ಎರಡ ಅದಾವ್ರಿ.”

ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. “ಇನ್ನೆರಡು ಬ್ಯಾರೆ ಗಾಡಿಗೆ ಹೋಗ್ಯಾವಪ. ಗಾಲಿಗೆ ನಿಂಬಿಹಣ್ಣು ಇಟ್ಟೀಯಿಲ್ಲ?”

“ಇಟ್ಟೀನ್ರಿ.”

“ಮತ್ತೇನು? ನಡಿ ಜಲ್ದಿ. ದೇವರದಾನ.”

“ಒಂದು ನಿಂಬಿಹಣ್ಣು ಎಷ್ಟು ಟನ್ ತಡೀತೈತಂತ ಕೇಳಣ್ಣ” ಎಂದೆ.

“ಬಾಯಿ ಮುಚ್ಚಲೇ ಎಡಚಿ, ಕೇಳಸ್ತೈತಿ” ಎಂದು ಅಣ್ಣ ಫೋನ್ ಮುಚ್ಚಿದ.

ಅಲ್ಲೇ ನನ್ನ ನೆತ್ತಿ ಕಾದಿತ್ತು. ಹೋಗಬೇಡ, ಗಾಡಿ ಇಲ್ಲೇ ನಿಲ್ಲಿಸು ಎಂದು ಹಟ ಹಿಡಿದೆ. ಅಣ್ಣ ಬೀಡಿ ಎಸೆದು, “ನಾ ಒಲ್ಲೆ ಅಂದ್ರ ಇನ್ನೊಬ್ಬ ಹತ್ತತಾನ. ಅವಂಗೂ ಒಬ್ಬಾಕಿ ತಂಗಿ ಇರತಾಳ” ಎಂದ. ಅವನು ಗೊತ್ತಿದ್ದ ಡ್ರೈವರುಗಳಿಗೆ ಫೋನ್ ಮಾಡಿ ಚೈನು ಕೇಳಿದ. ಯಾರ ಬಳಿಯೂ ಇರಲಿಲ್ಲ. ಇದ್ದ ಎರಡನ್ನೂ ಹಿಂದಕ್ಕೇ ಎಳೆದು ಬಿಗಿದಿದ್ದ, ಕಾಯಿಲ್ ಕ್ಯಾಬಿನ್ ಕಡೆ ಬರದಿರಲಿ ಎಂದು. ಅದರಲ್ಲೂ ಒಂದರ ಕೊಂಡಿ ಸವೆದಿತ್ತು. “ಹಂಗಾದ್ರ ನಾನೂ ಸಿರುಗುಪ್ಪತನ ಬರ್ತೀನಿ. ನಾ ಪಕ್ಕದಾಗ ಕುಂತ್ರ ಮೆಲ್ಲಕ ಓಡಸ್ತಿ” ಎಂದು ಹತ್ತಿ ಕುಳಿತೆ. ಬೈದ. ಇಳಿಯಲಿಲ್ಲ.

ಕುರುಗೋಡು ಮುಟ್ಟಿದಾಗ ಊಟದ ಹೊತ್ತು. ನಮ್ಮ ಓಣಿಗೆ ಟ್ರೇಲರ್ ತಿರುಗುವುದಿಲ್ಲ. ರಸ್ತೆಯ ಬದಿಗೆ, ಹನುಮಕ್ಕನ ಮಿರ್ಚಿ ಅಂಗಡಿಯ ಎದುರಿಗೆ ನಿಲ್ಲಿಸಿ ಮನೆಗೆ ನಡೆದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಅಪ್ಪನಿಗೆ ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಿಸಿದೆ, ಆಮೇಲೆ ಅಣ್ಣನೂ ನಾನೂ ಎದುರು ಬದುರು ಕೂತು ಉಂಡೆವು. ಉಣ್ಣುತ್ತಲೂ ಜಗಳ, ಚೈನಿನದೇ. ಅಪ್ಪ ಮಂಚದಿಂದ ನಮ್ಮಿಬ್ಬರನ್ನೂ ನೋಡುತ್ತಲೇ ಇದ್ದ. ಚೈನು ಅನ್ನುವ ಶಬ್ದ ಬಂದಾಗೆಲ್ಲ ಅವನ ಎಡಗೈ ಹೊದಿಕೆಯ ಮೇಲೆ ಮಿಸುಕಾಡುತ್ತಿತ್ತು. ಈ ಹೊತ್ತಿನಲ್ಲಿ ನಾನು ಹೊಸ್ತಿಲು ದಾಟಲಿಲ್ಲ. ಅಣ್ಣನೂ ದಾಟಲಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ.

ಕೈ ತೊಳೆದು ಗಾಡಿಗೆ ಬಂದೆವು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಣ್ಣ ರೂಢಿಯಂತೆ ಕಟ್ಟು ನೋಡಲು ಮೇಲೆ ಹತ್ತಿದವನು ಹಾಗೇ ನಿಂತುಬಿಟ್ಟ. ನಾನೂ ಹತ್ತಿದೆ. ಕಾಯಿಲಿನ ಕಣ್ಣಿನೊಳಗಿಂದ ಮೂರು ಚೈನು ಹೊರಬಂದಿದ್ದವು. ಎರಡು ನಮ್ಮವು. ಮೂರನೆಯದು ಕಪ್ಪಗೆ, ಎಣ್ಣೆ ಸವರಿದ ಹಾಗೆ, ಹೆಬ್ಬೆರಳಿನಷ್ಟು ದಪ್ಪ ಕೊಂಡಿಗಳದ್ದು. ಅದನ್ನೂ ಹಿಂದಕ್ಕೆ ಎಳೆದು, ಬೆರಳು ಒತ್ತಿದರೆ ಅಲುಗದಷ್ಟು ಬಿಗಿದಿತ್ತು. ಬಾಲವನ್ನು ಹಿಡಿಕೆಗೆ ಸುತ್ತಿ ಕೆಂಪು ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು.

ಸುತ್ತು ಎಡಕ್ಕೆ. ಪಟ್ಟಿಯ ತುದಿ ಮೇಲಕ್ಕೆ ನಿಂತಿತ್ತು, ಮೊಲದ ಕಿವಿಯ ಹಾಗೆ.

ಅಣ್ಣ ನನ್ನ ಮುಖ ನೋಡಿ, “ಲೇ ಎಡಚಿ, ಯಾವಾಗ ಬಂದು ಹತ್ತಿದಿ?” ಎಂದ.

“ನಿನ್ನ ಎದುರಿಗೆ ರೊಟ್ಟಿ ತಿನ್ನಾಕ ಹತ್ತಿದ್ದೆನಲ್ಲೋ!”

“ಹಂಗಾದ್ರ ಇದು?”

ನಾನು ಅಲ್ಲೇ ನಿಂತು ಉತ್ತರ ಕಟ್ಟಿದೆ: ನೀನು ಫೋನ್ ಮಾಡಿದವರಲ್ಲಿ ಯಾರೋ ಒಬ್ಬರು ಈ ದಾರಿಯಲ್ಲಿ ಬಂದಿದ್ದಾರೆ, ನಿಂತ ಗಾಡಿ ಗುರುತು ಹಿಡಿದಿದ್ದಾರೆ, ಹಾಕಿ ಹೋಗಿದ್ದಾರೆ. ಅವರೂ ಎಡಚರಿರಬಹುದು, ಜಗತ್ತಿನಲ್ಲಿ ನಾನೊಬ್ಬಳೇನಾ? ಹೇಳುವಾಗ ನನ್ನ ದನಿ ಚೆನ್ನಾಗಿಯೇ ಇತ್ತು. ಅಣ್ಣ ಪದ್ಧತಿಯಂತೆ ಅದನ್ನು ಬಿಚ್ಚಿ ತಾನು ಕಟ್ಟಲು ಕೈ ಚಾಚಿದ. ಪಟ್ಟಿ ಮುಟ್ಟಿದ. ಮತ್ತೆ ಕೈ ಹಿಂದಕ್ಕೆ ತೆಗೆದುಕೊಂಡ. ಇಳಿದು ಗಾಡಿ ಎಳೆದ. ಅಷ್ಟು ವರ್ಷದಲ್ಲಿ ಅವನು ಇನ್ನೊಬ್ಬರ ಕಟ್ಟಿಗೆ ಗಾಡಿ ಎಳೆದದ್ದು ಅದೊಂದೇ ಸಲ.

ಸಿರುಗುಪ್ಪ ಇನ್ನೂ ಸ್ವಲ್ಪ ದೂರ ಇರುವಾಗ ಕಾಲುವೆಯ ಸೇತುವೆ ಇಳಿಯುತ್ತಿದ್ದೆವು. ಗದ್ದೆಯ ದಾರಿಯಿಂದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಹಿಮ್ಮುಖವಾಗಿ ರಸ್ತೆಗೇ ಬಂದುಬಿಟ್ಟಿತು. ಅಣ್ಣ ಬ್ರೇಕಿನ ಮೇಲೆ ಎದ್ದು ನಿಂತ. ನಮ್ಮ ಬೆನ್ನ ಹಿಂದೆ ಒಂದು ಶಬ್ದವಾಯಿತು. ಅದನ್ನು ನಾನು ಕೇಳಿದ್ದು ಕಿವಿಯಲ್ಲಲ್ಲ, ಬೆನ್ನುಹುರಿಯಲ್ಲಿ. ಮರ ಸೀಳಿದ ಸದ್ದು, ಕಬ್ಬಿಣ ಹರಿದ ಸದ್ದು, ಆಮೇಲೆ ಒಂದೇ ಒಂದು ‘ಟಣ್’. ಗಾಡಿ ನಿಂತಿತು. ನಾವಿಬ್ಬರೂ ಇದ್ದೆವು.

ಇಳಿದು ನೋಡಿದೆವು. ಸವೆದ ಕೊಂಡಿಯ ಚೈನು ಹರಿದು ಬಿದ್ದಿತ್ತು. ಇನ್ನೊಂದರ ಕೊಕ್ಕೆ ಬಾಯಿ ತೆರೆದಿತ್ತು. ಮರದ ತುಂಡು ಎರಡು ಹೋಳು. ಕಾಯಿಲ್ ನಮ್ಮ ಕಡೆಗೆ ಒಂದು ಗೇಣು ಉರುಳಿ, ಮೂರನೆಯ ಚೈನಿಗೆ ಜೋತುಬಿದ್ದ ಹಾಗೆ ನಿಂತಿತ್ತು. ಕೆಂಪು ಪಟ್ಟಿ ಹಾಗೇ ಇತ್ತು, ತುದಿ ಮೇಲೆ. ಫೋನ್ ತೆಗೆದು ಅದರ ಫೋಟೋ ಹಿಡಿದುಕೊಂಡೆ.

ಅಣ್ಣ ರಸ್ತೆಯ ಬದಿಗೆ ಕೂತು ಬೀಡಿ ಹಚ್ಚಿದ. ಟ್ರ್ಯಾಕ್ಟರಿನವರು, ಗದ್ದೆಯವರು ಸೇರಿದರು. ಯಾರೋ ಚೈನಿಗೆ ಕೈಮುಗಿದರು. ಅಣ್ಣ ತಡೆಯಲಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ, ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಕಾಯಿಲ್ ಇಳಿಸಿ ವಾಪಸ್ ಬರುವ ಹೊತ್ತಿಗೆ ಕಥೆ ಬಳ್ಳಾರಿ ಮುಟ್ಟಿತ್ತು.

ಇಲ್ಲಿಂದ ಶುರುವಾದದ್ದೇ ನನ್ನ ನಿಜವಾದ ಸಿಟ್ಟು.

ಮರುದಿನ ಅಣ್ಣನ ಜೊತೆ ಕೌಲ್ ಬಜಾರಿನ ಆಫೀಸಿಗೆ ಹೋದೆ. ಗಾಡಿಗೂ, ಮೇಜಿನ ಮುಂದೆ ನೆಲದ ಮೇಲಿಟ್ಟ ಚೈನಿಗೂ ಮಾಲೆ ಹಾಕಿ, ಕುಂಕುಮ ಬಡಿದು, ಕಾಯಿ ಒಡೆದಿದ್ದರು. ಡ್ರೈವರುಗಳೆಲ್ಲ ಸೇರಿದ್ದರು. ನನಗೆ ಬೇಕಾದದ್ದು ಒಂದೇ: ಇನ್ನು ಮೇಲೆ ನಾಲ್ಕು ಚೈನಿಲ್ಲದೆ ಯಾವ ಗಾಡಿಯೂ ಹೊರಡುವುದಿಲ್ಲ ಎಂದು ಸಾವ್ಕಾರರು ಎಲ್ಲರ ಎದುರಿಗೆ ಒಪ್ಪಬೇಕು. ಸಾವ್ಕಾರರು ನನ್ನನ್ನು ನೋಡಿ ನಕ್ಕರು.

“ಏಮ್ಮಾ ಲಾಯರಮ್ಮ, ಬರ್ರಿ ಬರ್ರಿ. ಪ್ರಸಾದ ತಗೋರಿ.”

“ಪ್ರಸಾದ ಆಮ್ಯಾಲೆ. ಎರಡ ಚೈನಿಗೆ ಗಾಡಿ ಕಳಿಸಿದ್ರಿ. ನಮ್ಮಣ್ಣ ಸಾಯತಿದ್ದ.”

“ಯಾರಂದ್ರು ಎರಡಂತ? ಮೂರು ಇದ್ದುವಲ್ಲ. ಇಲ್ಲೇ ಐತಿ ನೋಡವ್ವ, ಎದುರಿಗೆ.”

ನಾನು ಕಾಯುತ್ತಿದ್ದದ್ದು ಆ ಮಾತಿಗೇ. ಇಂಥ ಕಡೆ ಎದುರಾಳಿಯನ್ನು ಎರಡು ಗೋಡೆಗಳ ನಡುವೆ ನಿಲ್ಲಿಸಬೇಕು ಎಂದು ನನಗೆ ಕಲಿಸಿದ್ದಾರೆ. “ಹಂಗಾದ್ರ ಒಂದ ಹೇಳ್ರಿ. ಚೈನ್ ನಿಮ್ದಾದ್ರ ಕುಂಕುಮ ಯಾಕ ಹಚ್ಚೀರಿ? ದೇವರದಾದ್ರ ನೀವು ಎರಡ ಕೊಟ್ಟಿದ್ರಿ ಅಂತ ಒಪ್ಪಿಕೋರಿ. ಯಾವ್ದು?”

ಗೆದ್ದೆ ಅಂದುಕೊಂಡೆ. ಸಾವ್ಕಾರರು ಹಣೆಗೆ ಕೈ ಹಚ್ಚಿ, “ಎರಡೂ ಹೌದವ್ವ. ಚೈನ್ ನಮ್ದು, ಕಟ್ಟಿದಾವ ದೇವರು. ನಾವು ಯಾವಾಗ ಅದನ್ನ ಬ್ಯಾರೆ ಬ್ಯಾರೆ ಅಂದೀವಿ?” ಎಂದರು.

ಡ್ರೈವರುಗಳು ಗೊಳ್ಳೆಂದು ನಕ್ಕರು. ಯಾರ ಜೀವ ಹೋಗಲಿತ್ತೋ ಅವರೇ ನಕ್ಕರು! ಅವರಲ್ಲೊಬ್ಬ ಹಿರಿಯ, “ಬಿಡು ತಂಗಿ, ಮ್ಯಾಲಿನಾವ ನೋಡ್ಕೋತಾನ, ನೀ ಯಾಕ ಬಿಪಿ ಏರಿಸ್ಕೊಂತಿ?” ಎಂದು ನನ್ನ ಕೈಗೆ ಕೊಬ್ಬರಿ ಹೋಳು ಇಟ್ಟ. ಅದನ್ನು ಅಲ್ಲೇ ಮೇಜಿನ ಮೇಲೆ ಕುಕ್ಕಿ, ಮಾಲೆ ಕಿತ್ತು, ಚೈನು ಎಳೆದುಕೊಂಡು ಹೊರಟೆ. ಎತ್ತಲಾಗಲಿಲ್ಲ. ಎರಡು ಕೈಯಲ್ಲಿ ಎಳೆದರೂ ನೆಲದ ಮೇಲೆ ತೆವಳಿತೇ ಹೊರತು ಏಳಲಿಲ್ಲ. ಕೊನೆಗೆ ಅಣ್ಣ ಬಂದು ಹೆಗಲಿಗೆ ಹಾಕಿಕೊಂಡ. “ನಾಕು ಚೈನ್ ಕೊಡೋ ದಿನ ಕರೀರಿ” ಎಂದು ಗಾಡಿಯ ಕೀಲಿಯನ್ನು ಅದೇ ಮೇಜಿನ ಮೇಲಿಟ್ಟ. ಅವರು ಇನ್ನೂ ಕರೆದಿಲ್ಲ. ಅಣ್ಣ ಈಗ ಸಿರುಗುಪ್ಪದ ಕಡೆ ಭತ್ತದ ಲಾರಿ ಓಡಿಸುತ್ತಾನೆ.

ಆಮೇಲೆ ನಾನು ತನಿಖೆಗೆ ಬಿದ್ದೆ. ಆ ಚೈನು ತಂದವನೊಬ್ಬ ಮನುಷ್ಯ ಸಿಕ್ಕರೆ ಸಾಕು, ಸಾವ್ಕಾರರ ದೇವರು ಅಲ್ಲಿಗೇ ಕೆಳಗಿಳಿಯುತ್ತಾನೆ. ಅಣ್ಣ ಫೋನ್ ಮಾಡಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದೆ. ಒಬ್ಬರೂ ಆ ಹೊತ್ತಿನಲ್ಲಿ ಕುರುಗೋಡಿನ ಹತ್ತಿರವೇ ಇರಲಿಲ್ಲ. ಬಾದನಹಟ್ಟಿಯಿಂದ ಸಿರುಗುಪ್ಪದವರೆಗೆ ಡ್ರೈವರುಗಳು ಚಹಾಕ್ಕೆ ನಿಲ್ಲುವ ಕಡೆಯೆಲ್ಲ ಚೈನಿನ ಫೋಟೋ ತೋರಿಸಿದೆ. ನಮ್ಮದೆಂದು ಯಾರೂ ಅನ್ನಲಿಲ್ಲ. ದುಡ್ಡು ಬಾಳುವ ವಸ್ತು, ನಮ್ಮದಲ್ಲ ಅನ್ನುವುದರಲ್ಲಿ ಯಾರಿಗೆ ಏನು ಲಾಭ?

ಉಳಿದದ್ದು ಹನುಮಕ್ಕ. ಗಾಡಿ ನಿಂತದ್ದು ಅವಳ ಬಾಣಲೆಯ ಎದುರಿಗೇ. “ಅವತ್ತು ಮಧ್ಯಾಹ್ನ ನಮ್ಮ ಗಾಡಿ ಮ್ಯಾಲೆ ಯಾರು ಹತ್ತಿದ್ರು ಹನುಮಕ್ಕ?” ಎಂದು ಕೇಳಿದೆ.

ಮಿರ್ಚಿ ತಿರುವಿಹಾಕುತ್ತಿದ್ದವಳು ತಲೆ ಎತ್ತಿದಳು. “ಏ ಹೋಗವ್ವ, ಚ್ಯಾಷ್ಟಿ ಮಾಡಬ್ಯಾಡ. ನೀನ ಅಲ್ಲೇನು ಕುಂತಿದ್ದಾಕಿ?”

ಅಡ್ಡಪ್ರಶ್ನೆ ಹಾಕಿದೆ. ಯಾವ ಬಟ್ಟೆ? ನೆನಪಿಲ್ಲ. ಮುಖ ನೋಡಿದೆಯಾ? ಬಿಸಿಲಿತ್ತು, ಎಣ್ಣೆ ಕಾದಿತ್ತು, ಬೆನ್ನು ಕಂಡಿತು. ಮತ್ತೆ ನಾನೇ ಅಂತ ಹೇಗೆ? “ಎಡಗೈಲೆ ಸುತ್ತಾಕ ಹತ್ತಿದ್ದೆಲ್ಲವ್ವ. ನಮ್ಮೂರಾಗ ಎಷ್ಟು ಮಂದಿ ಎಡಚ್ಯಾರದಾರ?” ನ್ಯಾಯಾಲಯದಲ್ಲಿ ಈ ಸಾಕ್ಷಿ ಒಂದು ಗಳಿಗೆ ನಿಲ್ಲುವುದಿಲ್ಲ. ನಾನು ಗಾಡಿಯಿಂದ ಇಳಿದದ್ದನ್ನೂ ಮತ್ತೆ ಹತ್ತಿದ್ದನ್ನೂ ಕಂಡವಳು, ನಡುವಿನದನ್ನು ತಾನೇ ತುಂಬಿಕೊಂಡಿದ್ದಾಳೆ. ಜನರ ನೆನಪು ಹೀಗೇ ಕೆಲಸ ಮಾಡುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡು ಮನೆಗೆ ನಡೆದೆ.

ಆ ಸಂಜೆ ಅಪ್ಪನ ಮಂಚದ ಪಕ್ಕ ಕೂತು ಫೋನಿನಲ್ಲಿದ್ದ ಕಟ್ಟಿನ ಫೋಟೋ ತೋರಿಸಿದೆ. ಕಟ್ಟು ನೋಡಿ ಇದು ಯಾರ ಕೈ ಎಂದು ಹೇಳುವವನು ಮನೆಯಲ್ಲೇ ಇದ್ದಾನಲ್ಲ, ಬೇರೆ ಯಾರದೋ ಗುರುತು ಸಿಕ್ಕೀತು ಎಂಬ ಆಸೆ. ಅಪ್ಪ ತುಂಬ ಹೊತ್ತು ನೋಡಿದ. ಆಮೇಲೆ ಬಾಯಿಯ ಒಂದು ಬದಿಯಲ್ಲಿ ನಕ್ಕ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಎಡಗೈ ಎತ್ತಿ, ಫೋನನ್ನಲ್ಲ, ನನ್ನ ಎಡ ಮುಂಗೈಯನ್ನು ಗಟ್ಟಿಯಾಗಿ ಹಿಡಿದ. ಬಿಡಲಿಲ್ಲ. “ನಾನಲ್ಲಪ್ಪ” ಎಂದೆ. ಅವನು ನಗುತ್ತಲೇ ಇದ್ದ. ಚಿಕ್ಕಂದಿನಲ್ಲಿ ನನ್ನ ಕಟ್ಟನ್ನು ಪ್ರತಿ ಸಲ ಬಿಚ್ಚಿದವನು, ಒಂದು ಕಟ್ಟು ಬಿಚ್ಚದೆ ಉಳಿಯಿತು ಎಂದು ನಕ್ಕನೋ ಏನೋ. ಕೇಳಿದರೆ ಹೇಳಲು ಅವನಲ್ಲಿ ಮಾತಿರಲಿಲ್ಲ. ಮುಂದಿನ ವರ್ಷ ಅಪ್ಪ ತೀರಿಹೋದ.

ಚೈನು ಈಗಲೂ ಕುರುಗೋಡಿನ ಮನೆಯ ಪಡಸಾಲೆಯ ಮೂಲೆಯಲ್ಲಿದೆ. ಅವ್ವ ಊದುಬತ್ತಿ ಹಚ್ಚಲು ಹೋಗುತ್ತಾಳೆ, ನಾನು ಆರಿಸುತ್ತೇನೆ. ಊರಿಗೆ ಹೋದಾಗೆಲ್ಲ ಅದನ್ನು ಎತ್ತಲು ನೋಡುತ್ತೇನೆ. ಇವತ್ತಿಗೂ ನನ್ನಿಂದ ಏಳುವುದಿಲ್ಲ.

ಸಾವ್ಕಾರರಲ್ಲಿ ಎರಡು ಚೈನು, ಒಂದು ನಿಂಬೆಹಣ್ಣು ನಂಬಿ ಗಾಡಿಗಳು ಈಗಲೂ ಹೊರಡುತ್ತವೆ. ಕೇಳಿದರೆ, ‘ಪಂಪಾಪತಿ ಗಾಡಿ ಉಳೀತಲ್ಲ’ ಎಂದು ಡ್ರೈವರುಗಳೇ ನನಗೆ ಹೇಳುತ್ತಾರೆ. ನನ್ನಣ್ಣನನ್ನು ಉಳಿಸಿದ ಚೈನು ನನ್ನ ವಾದದ ಕುತ್ತಿಗೆಗೇ ಸುತ್ತಿಕೊಂಡಿದೆ. ಅದು ಇರಲೇ ಇಲ್ಲ ಎಂದು ಸುಳ್ಳು ಹೇಳಲಾರೆ, ಇತ್ತು ಎಂದರೆ ಸಾವ್ಕಾರರು ಗೆಲ್ಲುತ್ತಾರೆ.

ನೀನೇ ಕಟ್ಟಿದ್ದೀ, ಮರೆತಿದ್ದೀ ಎಂದು ನೀವು ಅಂದರೆ, ಬನ್ನಿ, ಆ ಚೈನು ನನ್ನ ಕೈಯಲ್ಲಿ ಎತ್ತಿಸಿ ತೋರಿಸಿ. ಯಾರೋ ಪುಣ್ಯಾತ್ಮ ಕಟ್ಟಿದ ಅಂದರೆ, ಅವನಿಗೆ ನನ್ನ ಕಟ್ಟಿನ ತಪ್ಪು ಕಲಿಸಿದವರು ಯಾರು? ದೇವರು ಕಟ್ಟಿದ ಅನ್ನುತ್ತೀರಾ? ಹಾಗಾದರೆ ನಿಮ್ಮ ದೇವರಿಗೆ ಹೇಳಿ, ಉಳಿದ ಗಾಡಿಗಳಿಗೂ ಕಟ್ಟಲಿ. ಅವುಗಳ ಕ್ಯಾಬಿನ್ನಿನಲ್ಲೂ ಯಾರದೋ ಅಣ್ಣ ಕೂತಿರುತ್ತಾನೆ.